ಮೇಲೆ ಉಪಗ್ರಹ, ಕೆಳಗೆ ಅದರ ಹಗ್ಗ: ಭೂನಿಯಂತ್ರಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗೌರಿಬಿದನೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರ ಪಾಠ ಮಾಡುತ್ತೇನೆ. ನನ್ನ ಭಾವಮೈದುನ ಇದೇ ತಾಲ್ಲೂಕಿನಲ್ಲಿ ಮನೆ ಮನೆಗೆ ಡಿಶ್ ಕಟ್ಟಿಕೊಡುತ್ತಾನೆ. ಅವನಿಗೆ ಮಹಡಿ ಮೇಲೆ ಎದುರಾಗುವ ಪ್ರಶ್ನೆಗಳೂ ನನಗೆ ತರಗತಿಯಲ್ಲಿ ಎದುರಾಗುವ ಪ್ರಶ್ನೆಗಳೂ ಬಹುಪಾಲು ಒಂದೇ. ಉಡಾವಣೆಯ ದಿನ ಎಲ್ಲರೂ ಟಿವಿ ಮುಂದೆ ಕೂತು ಚಪ್ಪಾಳೆ ತಟ್ಟುತ್ತೇವೆ. ಆಮೇಲೆ ಹದಿನೈದು ವರ್ಷ ಹಗಲೂ ರಾತ್ರಿ ಆ ಉಪಗ್ರಹವನ್ನು ಹಿಡಿದು ನಿಲ್ಲಿಸುವವರ ನೆನಪು ಯಾರಿಗೂ ಬರುವುದಿಲ್ಲ. ಅದು ನನಗೆ ಸರಿ ಕಾಣದು. ಅದಕ್ಕೇ ಇಷ್ಟು ಬರೆದಿದ್ದೇನೆ.

ಮೇಷ್ಟ್ರೇ, ಒಂದು ಸಲ ಹಾರಿಸಿಬಿಟ್ಟ ಮೇಲೆ ಉಪಗ್ರಹ ತಾನಾಗೇ ಅಲ್ಲಿ ನಿಂತಿರುತ್ತಲ್ವಾ?

ನಿಂತಿರುವುದಿಲ್ಲ. ನಮ್ಮ ಟಿವಿ ಚಾನೆಲ್‌ಗಳನ್ನು ಹೊತ್ತ ಸಂಪರ್ಕ ಉಪಗ್ರಹ ಸಮಭಾಜಕ ವೃತ್ತದ ಮೇಲೆ 35,786 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ 3 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ಒಂದು ಸುತ್ತಿಗೆ 23 ಗಂಟೆ 56 ನಿಮಿಷ. ಭೂಮಿಯೂ ಅಷ್ಟೇ ಹೊತ್ತಿನಲ್ಲಿ ತನ್ನ ಸುತ್ತು ಮುಗಿಸುವುದರಿಂದ ನಮ್ಮ ಕಣ್ಣಿಗೆ ಅದು ಕದಲದಂತೆ ಕಾಣುತ್ತದೆ. ತೇರಿನ ಪಕ್ಕದಲ್ಲೇ ಅದೇ ನಡಿಗೆಯಲ್ಲಿ ಹೆಜ್ಜೆ ಹಾಕುವವನಿಗೆ ತೇರು ಯಾವಾಗಲೂ ಮಗ್ಗುಲಲ್ಲೇ ಇರುತ್ತದಲ್ಲ, ಹಾಗೆ.

ಆದರೆ ಆ ನಡಿಗೆಯನ್ನು ಕೆಡಿಸುವ ಶಕ್ತಿಗಳು ಹಲವು. ಚಂದ್ರ ಮತ್ತು ಸೂರ್ಯನ ಸೆಳೆತ ಕಕ್ಷೆಯನ್ನು ವರ್ಷಕ್ಕೆ ಮುಕ್ಕಾಲರಿಂದ ಒಂದು ಡಿಗ್ರಿಯ ತನಕ ಓರೆ ಮಾಡುತ್ತದೆ. ಓರೆಯಾದ ಉಪಗ್ರಹ ದಿನವೂ ಉತ್ತರಕ್ಕೂ ದಕ್ಷಿಣಕ್ಕೂ ತೂಗಾಡುತ್ತದೆ. ಭೂಮಿಯ ನಡುವೂ ಅಚ್ಚುಕಟ್ಟಾದ ದುಂಡಗಿಲ್ಲ. ಆ ಉಬ್ಬು ತಗ್ಗುಗಳು ಉಪಗ್ರಹವನ್ನು ಪೂರ್ವಕ್ಕೋ ಪಶ್ಚಿಮಕ್ಕೋ ಜಾರಿಸುತ್ತವೆ. ಅಗಲವಾದ ಸೌರಫಲಕಗಳ ಮೇಲೆ ಬೀಳುವ ಬಿಸಿಲಿಗೂ ಒಂದು ನೂಕು ಇದೆ. ಇಷ್ಟರ ನಡುವೆ ಅದನ್ನು ಅದರ ಜಾಗದಲ್ಲಿ ಇಡುವುದು, ಅದರ ಮುಖ ಸದಾ ನಮ್ಮ ಕಡೆಗೇ ಇರುವಂತೆ ನೋಡಿಕೊಳ್ಳುವುದು, ಅದರ ಮೈ ಬಿಸಿ ತಣ್ಣಗೆ ಗಮನಿಸುವುದು, ಇವೆಲ್ಲ ನೆಲದಲ್ಲಿರುವವರ ಕೆಲಸ.

ನಮ್ಮ ಉಪಗ್ರಹಗಳನ್ನು ಎಲ್ಲಿಂದ ನಡೆಸುತ್ತಾರೆ? ಶ್ರೀಹರಿಕೋಟಾದಿಂದಲಾ?

ಶ್ರೀಹರಿಕೋಟಾ ಹಾರಿಸುವ ಜಾಗ. ಭೂಸ್ಥಿರ ಉಪಗ್ರಹಗಳನ್ನು, ಅಂದರೆ ಹೀಗೆ ಕದಲದಂತೆ ಕಾಣುವವನ್ನು, ನಡೆಸುವುದು ಹಾಸನದ ಮುಖ್ಯ ನಿಯಂತ್ರಣ ಕೇಂದ್ರ. ಎಲ್ಲರೂ ಅದನ್ನು ಎಂಸಿಎಫ್ ಎನ್ನುತ್ತಾರೆ. 1982ರಲ್ಲಿ, ಇನ್ಸಾಟ್ ಎಂಬ ನಮ್ಮ ಸಂಪರ್ಕ ಉಪಗ್ರಹ ಸರಣಿಯ ಮೊದಲನೆಯದರ ಕಾಲಕ್ಕೆ ಶುರುವಾಯಿತು. 2005ರಲ್ಲಿ ಭೋಪಾಲ್‌ನಲ್ಲೂ ಇನ್ನೊಂದು ಕೇಂದ್ರ ಬಂತು. ಒಂದು ಕಡೆ ಏನಾದರೂ ತೊಂದರೆಯಾದರೆ ಇನ್ನೊಂದು ಕಡೆ ಕೈ ಇರಲಿ ಎಂದು.

ಬೆಂಗಳೂರಿನ ಪೀಣ್ಯದಲ್ಲಿ ಇಸ್ರೋದ ಇನ್ನೊಂದು ಕೇಂದ್ರ ಇಸ್ಟ್ರಾಕ್ ಇದೆ. ರಾಕೆಟ್ಟಿನ ಬೆನ್ನು ಹಿಡಿಯುವುದು, ಕೆಳಕಕ್ಷೆಯ ಉಪಗ್ರಹಗಳನ್ನು ನೋಡಿಕೊಳ್ಳುವುದು ಅದರ ಪಾಲು. ಚಂದ್ರಯಾನದ ಸುದ್ದಿಯಲ್ಲಿ ತೋರಿಸುವ ದೊಡ್ಡ ಬಿಳಿ ಡಿಶ್‌ಗಳು ಬ್ಯಾಲಾಳುವಿನವು, 18 ಮೀಟರ್ ಮತ್ತು 32 ಮೀಟರ್ ಅಗಲದವು. ಅವು ದೂರದ ನೌಕೆಗಳಿಗೆ. ಮನೆಯ ಟಿವಿಯ ಮಟ್ಟಿಗೆ ನೆನಪಿಡಬೇಕಾದ ಹೆಸರು ಹಾಸನ. ಕೋಲಾರ, ಮುಳಬಾಗಿಲಿನವರ ಮನೆ ಮುಂದೆ ಹೋಗುವ ರಾಷ್ಟ್ರೀಯ ಹೆದ್ದಾರಿ 75 ಇದೆಯಲ್ಲ, ಅದೇ ರಸ್ತೆ ಬೆಂಗಳೂರು ದಾಟಿ, ಕುಣಿಗಲ್ ಹಾದು, ಹಾಸನಕ್ಕೆ ಮುಟ್ಟುತ್ತದೆ.

ಹಾಗಾದರೆ ಚಾನೆಲ್‌ಗಳೂ ಹಾಸನದಿಂದಲೇ ಮೇಲಕ್ಕೆ ಹೋಗ್ತವಾ?

ಇಲ್ಲ. ಬಹಳ ಜನ ತಪ್ಪು ತಿಳಿಯುವುದು ಇಲ್ಲೇ. ಚಾನೆಲ್‌ನವರು ತಮ್ಮದೇ ಭೂಕೇಂದ್ರದಿಂದ ಕಾರ್ಯಕ್ರಮ ಕಳಿಸುತ್ತಾರೆ. ಉಪಗ್ರಹದ ಟ್ರಾನ್ಸ್‌ಪಾಂಡರ್ ಅದನ್ನು ಹಿಡಿದು, ತರಂಗಾಂತರ ಬದಲಿಸಿ, ಬಲ ಕೂಡಿಸಿ ಕೆಳಕ್ಕೆ ಬಿಡುತ್ತದೆ. ನಿಯಂತ್ರಣ ಕೇಂದ್ರದ ಮಾತುಕತೆ ಬೇರೆ, ಅದಕ್ಕೆ ಬೇರೆಯದೇ ದಾರಿ. ಬಸ್ಸಿನಲ್ಲಿ ಪ್ರಯಾಣಿಕರ ಮಾತು ಒಂದು, ಡ್ರೈವರ್ ಮತ್ತು ಡಿಪೋ ನಡುವಿನ ಮಾತು ಇನ್ನೊಂದು. ಚಾನೆಲ್ ಬಾರದಿದ್ದರೆ ನೂರಕ್ಕೆ ತೊಂಬತ್ತು ಸಲ ಹಾಸನಕ್ಕೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಡಿಶ್‌ನ ಬೋಲ್ಟ್ ಸಡಿಲವಾಗಿರುತ್ತದೆ, ಇಲ್ಲವೇ ಕೋತಿ ಕೇಬಲ್ ಕಿತ್ತಿರುತ್ತದೆ.

ಆ ಕೋಣೆಯಲ್ಲಿ ಕೂತವರು ದಿನವಿಡೀ ಏನು ಮಾಡ್ತಾರೆ?

ಮೂರು ಕೆಲಸ: ಕೇಳುವುದು, ಅಳೆಯುವುದು, ಹೇಳುವುದು.

ಕೇಳುವುದು ಎಂದರೆ ಟೆಲಿಮೆಟ್ರಿ. ಬ್ಯಾಟರಿ ಎಷ್ಟು ತುಂಬಿದೆ, ಇಂಧನ ಟ್ಯಾಂಕಿನ ಒತ್ತಡ ಎಷ್ಟು, ಒಳಗೆ ತಿರುಗುವ ಚಕ್ರಗಳ ವೇಗ ಎಷ್ಟು, ಯಾವ ಪೆಟ್ಟಿಗೆ ಎಷ್ಟು ಬಿಸಿಯಾಗಿದೆ ಎಂದು ಉಪಗ್ರಹ ಬಿಡುವಿಲ್ಲದೆ ವರದಿ ಕಳಿಸುತ್ತಿರುತ್ತದೆ. ಪ್ರತಿ ಅಳತೆಗೂ ಒಂದು ಮೇಲಿನ ಮಿತಿ, ಒಂದು ಕೆಳಗಿನ ಮಿತಿ. ಗಡಿ ದಾಟಿದ ತಕ್ಷಣ ಕಂಪ್ಯೂಟರ್ ಎಚ್ಚರಿಸುತ್ತದೆ. ಆದರೆ ಒಳ್ಳೆಯ ಕೆಲಸಗಾರ ಗಡಿ ದಾಟುವ ತನಕ ಕಾಯುವುದಿಲ್ಲ. ನಿನ್ನೆಗಿಂತ ಇವತ್ತು ಸ್ವಲ್ಪ ಏರಿದೆ, ಮೊನ್ನೆಯಿಂದಲೂ ಏರುತ್ತಲೇ ಇದೆ ಎಂಬುದನ್ನು ಮೊದಲೇ ಹಿಡಿಯುತ್ತಾನೆ. ಶಿಡ್ಲಘಟ್ಟದ ರೇಷ್ಮೆ ಮನೆಗಳಲ್ಲಿ ಹುಳು ಮೇಯುವ ಸದ್ದು ಕೇಳಿಯೇ ಅದರ ಆರೋಗ್ಯ ಹೇಳುವವರನ್ನು ನೋಡಿದ್ದೇನೆ. ಆ ಜಾತಿಯ ಗಮನ ಅದು.

ಹೇಳುವುದು ಎಂದರೆ ಕಮಾಂಡ್. ಇಲ್ಲಿ ಅವಸರ ಸಲ್ಲದು. ಮುಖ್ಯವಾದ ಆದೇಶವಾದರೆ ಮೊದಲು ಕಳಿಸುತ್ತಾರೆ. ಉಪಗ್ರಹ ತನಗೆ ಏನು ಮುಟ್ಟಿತು ಎಂಬುದನ್ನು ಟೆಲಿಮೆಟ್ರಿಯಲ್ಲಿ ಹಿಂದಕ್ಕೆ ಹೇಳುತ್ತದೆ. ಕಳಿಸಿದ್ದೂ ಮುಟ್ಟಿದ್ದೂ ಒಂದೇ ಎಂದು ತಾಳೆ ನೋಡಿದ ಮೇಲೆ ‘ಈಗ ಮಾಡು’ ಎಂಬ ಎರಡನೆಯ ಆದೇಶ ಹೋಗುತ್ತದೆ. ಮೇಲೆ ಹೋಗಿ ಕೆಳಗೆ ಬರಲು ರೇಡಿಯೋ ಅಲೆಗೆ ಬೇಕಾದ ಹೊತ್ತು ಸೆಕೆಂಡಿನ ಕಾಲು ಭಾಗಕ್ಕೆ ಒಂಚೂರು ಕಮ್ಮಿ. ವಾರ್ತೆಯಲ್ಲಿ ಸ್ಟುಡಿಯೋದವರು ಪ್ರಶ್ನೆ ಕೇಳಿದ ಮೇಲೆ ದೂರದ ವರದಿಗಾರ ಒಂದು ಕ್ಷಣ ಸುಮ್ಮನೆ ನಿಂತಿರುತ್ತಾನಲ್ಲ, ಅದರಲ್ಲಿ ಈ ದಾರಿಯ ಪಾಲೂ ಇರುತ್ತದೆ.

ಅಳೆಯುವುದನ್ನು ಮುಂದಿನ ಪ್ರಶ್ನೆಗೆ ಬಿಡುತ್ತೇನೆ.

ಅಷ್ಟು ದೂರದಲ್ಲಿರೋದು ಸರಿಯಾಗಿ ಎಲ್ಲಿದೆ ಅಂತ ಹೇಗೆ ಗೊತ್ತಾಗುತ್ತೆ?

ಬಾವಿಯೊಳಗೆ ಕೂಗಿ ಮಾರ್ದನಿಗೆ ಕಾದ ಹಾಗೆ. ನೆಲದಿಂದ ಒಂದು ಸ್ವರ ಕಳಿಸುತ್ತಾರೆ, ಉಪಗ್ರಹ ಅದನ್ನೇ ಹಿಂದಕ್ಕೆ ಕಳಿಸುತ್ತದೆ. ಹೋಗಿ ಬಂದ ಹೊತ್ತು ತಿಳಿದರೆ ದೂರ ತಿಳಿಯಿತು. ದೊಡ್ಡ ಡಿಶ್ ಯಾವ ಕೋನದಲ್ಲಿ ನೋಡುತ್ತಿದೆ ಎಂಬುದರಿಂದ ದಿಕ್ಕು ತಿಳಿಯಿತು. ಇದನ್ನು ಮತ್ತೆ ಮತ್ತೆ ಅಳೆದು ಲೆಕ್ಕ ಹಾಕಿದರೆ ಕಕ್ಷೆಯ ಪೂರ್ತಿ ಚಿತ್ರ ಸಿಗುತ್ತದೆ, ಮುಂದಿನ ದಿನಗಳಲ್ಲಿ ಅದು ಎಲ್ಲಿರುತ್ತದೆ ಎಂಬುದೂ ಸಿಗುತ್ತದೆ. ಎರಡು ಬೇರೆ ಊರುಗಳಿಂದ ಅಳೆದರೆ ಲೆಕ್ಕ ಇನ್ನೂ ಗಟ್ಟಿ.

ಜಾಗ ತಪ್ಪಿದರೆ ಹೇಗೆ ಸರಿಪಡಿಸ್ತಾರೆ?

ಗೂಟಕ್ಕೆ ಕಟ್ಟಿದ ಕರುವಿನಂತೆ ಪ್ರತಿ ಉಪಗ್ರಹಕ್ಕೂ ಒಂದು ಅಂಗಳ ಗೊತ್ತುಮಾಡಿರುತ್ತಾರೆ. ರೇಖಾಂಶದ ಆಚೆ ಈಚೆ 0.1 ಡಿಗ್ರಿ ಎಂದುಕೊಳ್ಳಿ. ಕಾಗದದ ಮೇಲೆ ಅದು ಏನೂ ಅಲ್ಲ. ಆ ಎತ್ತರದಲ್ಲಿ ಅಂಗಳದ ಅಗಲ ಸುಮಾರು 147 ಕಿ.ಮೀ. ಆಗುತ್ತದೆ. ಹೆಚ್ಚುಕಮ್ಮಿ ಕೋಲಾರದಿಂದ ತುಮಕೂರಿಗೆ ರಸ್ತೆಯಲ್ಲಿ ಹೋದಷ್ಟು. ಅಂಚಿಗೆ ಬರುವ ಮೊದಲೇ ಥ್ರಸ್ಟರ್ ಎಂಬ ಸಣ್ಣ ಎಂಜಿನ್‌ಗಳನ್ನು ಉರಿಸಿ ಹಿಂದಕ್ಕೆ ನೂಕುತ್ತಾರೆ. ನಮ್ಮ ಉಪಗ್ರಹಗಳಲ್ಲಿ 10 ನ್ಯೂಟನ್, 22 ನ್ಯೂಟನ್ ಬಲದ ಥ್ರಸ್ಟರ್‌ಗಳಿರುತ್ತವೆ. 10 ನ್ಯೂಟನ್ ಎಂದರೆ ಒಂದು ಕಿಲೋ ಸಕ್ಕರೆ ಪೊಟ್ಟಣ ಅಂಗೈ ಮೇಲೆ ಒತ್ತುವಷ್ಟು. ಆ ನೂಕಿನಿಂದ ಟನ್ನುಗಟ್ಟಲೆ ತೂಕದ ಯಂತ್ರವನ್ನು ದಾರಿಗೆ ತರುತ್ತಾರೆ ಎಂದು ಹೇಳಿದಾಗ ಮಕ್ಕಳು ನಂಬುವುದಿಲ್ಲ. ಗಾಳಿಯೂ ಇಲ್ಲ, ನೆಲದ ತಿಕ್ಕಾಟವೂ ಇಲ್ಲ, ಹೊತ್ತು ಬೇಕಾದಷ್ಟಿದೆ ಎಂದು ಬೋರ್ಡಿನ ಮೇಲೆ ಲೆಕ್ಕ ಮಾಡಿ ತೋರಿಸಿದ ಮೇಲೆ ನಂಬುತ್ತಾರೆ.

ಉತ್ತರ ದಕ್ಷಿಣದ ತೂಗಾಟ ತಡೆಯುವುದೇ ದುಬಾರಿ. ವರ್ಷಕ್ಕೆ ಒಟ್ಟು ಸೆಕೆಂಡಿಗೆ 50 ಮೀಟರ್‌ನಷ್ಟು ವೇಗ ಬದಲಾವಣೆ ಅದಕ್ಕೇ ಬೇಕು. ಪೂರ್ವ ಪಶ್ಚಿಮಕ್ಕೆ 2 ಮೀಟರ್‌ನ ಆಸುಪಾಸು ಸಾಕು.

ಇಲ್ಲಿ ನಮ್ಮ ನಾಡಿಗೆ ಹತ್ತಿರದ ಒಂದು ಸಂಗತಿ ಇದೆ. ಭೂಸ್ಥಿರ ಕಕ್ಷೆಯಲ್ಲಿ ಉಪಗ್ರಹ ತಾನಾಗಿ ಬಂದು ನೆಲೆಸಲು ನೋಡುವ ಎರಡು ತಗ್ಗುಗಳಿವೆ. ಒಂದು ಅಮೆರಿಕದ ಕಡೆ 105 ಡಿಗ್ರಿ ಪಶ್ಚಿಮದಲ್ಲಿ. ಇನ್ನೊಂದು 75 ಡಿಗ್ರಿ ಪೂರ್ವದ ಹತ್ತಿರ, ಅಂದರೆ ಹುಬ್ಬಳ್ಳಿಯ ಬಳಿ ಹಾದುಹೋಗುವ ರೇಖಾಂಶದಲ್ಲಿ. 83 ಡಿಗ್ರಿಯಲ್ಲಿರುವ ನಮ್ಮ ಉಪಗ್ರಹವನ್ನು ಅದರ ಪಾಡಿಗೆ ಬಿಟ್ಟರೆ ಅದು ಮೆಲ್ಲಗೆ ಈ ತಗ್ಗಿನ ಕಡೆಗೆ ಜಾರಿ, ದಾಟಿ, ಮತ್ತೆ ತಿರುಗಿ, ಉಯ್ಯಾಲೆಯ ಹಾಗೆ ವರ್ಷಗಟ್ಟಲೆ ಹೋಗಿ ಬಂದು ಮಾಡುತ್ತದೆ. ದಾರಿಯಲ್ಲಿ ಬೇರೆ ಉಪಗ್ರಹಗಳ ಅಂಗಳಗಳಿರುತ್ತವೆ. ಹಾಗಾಗಿ ಬಿಡುವಂತಿಲ್ಲ.

ಮಾರ್ಚ್‌ನಲ್ಲಿ ಮಟಮಟ ಬಿಸಿಲು, ಮೋಡವೇ ಇಲ್ಲ, ಆದರೂ ಟಿವಿ ಸ್ವಲ್ಪ ಹೊತ್ತು ಹೋಗಿಬಿಡುತ್ತೆ. ಯಾಕೆ?

ನನಗೆ ಬಹಳ ಇಷ್ಟದ ಪ್ರಶ್ನೆ. ಆಗ ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಬಂದಿರುತ್ತಾನೆ. ಸೂರ್ಯನೂ ರೇಡಿಯೋ ಅಲೆಗಳನ್ನು ಬೀರುತ್ತಾನೆ. ಆ ಗದ್ದಲದಲ್ಲಿ ಉಪಗ್ರಹದ ಸಣ್ಣ ದನಿ ಮುಳುಗಿಹೋಗುತ್ತದೆ.

ನಮ್ಮೂರಿನ ಲೆಕ್ಕ ಹೇಳುತ್ತೇನೆ. ಡಿಡಿ ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದ ಜಿಸ್ಯಾಟ್-15ರಿಂದ. ಗೌರಿಬಿದನೂರಿನಿಂದ ಅದು ಆಗ್ನೇಯ ದಿಕ್ಕಿನಲ್ಲಿ ಸುಮಾರು 65 ಡಿಗ್ರಿ ಎತ್ತರದಲ್ಲಿದೆ. ಮಾರ್ಚ್ 14ರ ಆಸುಪಾಸು, ಬೆಳಗ್ಗೆ ಹನ್ನೊಂದೂ ಕಾಲರ ಹೊತ್ತಿಗೆ ಸೂರ್ಯ ಅದೇ ಜಾಗಕ್ಕೆ ಬರುತ್ತಾನೆ. ಸೆಪ್ಟೆಂಬರ್ ಕೊನೆಯಲ್ಲಿ ಮತ್ತೊಮ್ಮೆ, ಹನ್ನೊಂದರ ಹತ್ತಿರ. ಒಂದೆರಡು ದಿನ ಆಚೆ ಈಚೆ, ದಿನಕ್ಕೆ ಕೆಲವೇ ನಿಮಿಷ.

ಒಂದು ವರ್ಷ ಹುಡುಗರನ್ನು ಮಹಡಿಗೆ ಕರೆದುಕೊಂಡು ಹೋಗಿ ಇದನ್ನು ತೋರಿಸಿದೆ. ಕಡಲೆಕಾಳು ಗಾತ್ರದ ಕನ್ನಡಿ ಚೂರು ಐದಾರನ್ನು ಡಿಶ್‌ನ ಮೈಗೆ ಅಲ್ಲಲ್ಲಿ ಅಂಟಿಸಿದೆವು. ಹತ್ತೂಮುಕ್ಕಾಲಿಗೆ ಆ ಚೂರುಗಳ ಬೆಳಕಿನ ಬೊಟ್ಟುಗಳು ಪ್ಯಾರಾಪೆಟ್ ಗೋಡೆಯ ಮೇಲೆ ಚೆಲ್ಲಾಪಿಲ್ಲಿಯಾಗಿದ್ದವು. ಹೊತ್ತು ಕಳೆದಂತೆ ಒಂದೊಂದೇ ಹತ್ತಿರ ಸರಿದವು. ಹನ್ನೊಂದೂ ಕಾಲಿಗೆ ಎಲ್ಲವೂ ತೋಳಿನ ತುದಿಯಲ್ಲಿ ಅಲೆಗಳನ್ನು ಹಿಡಿಯುವ ಎಲ್‌ಎನ್‌ಬಿಯ ಬಿಳಿ ಮುಚ್ಚಳದ ಮೇಲೆ ಬಂದು ಕೂತವು. ಅಷ್ಟರಲ್ಲಿ ಕೆಳಗಿನಿಂದ ಅಮ್ಮನ ದನಿ: ‘ಏನೋ ಮಾಡಿದ್ರಿ, ಟಿವಿ ಹೋಯ್ತು.’ ಹುಡುಗರು ಕುಣಿದರು. ನೀವೂ ಮಾಡಿ ನೋಡಿ, ಆದರೆ ಸೂರ್ಯನನ್ನೂ ಕನ್ನಡಿಯ ಹೊಳಪನ್ನೂ ನೇರವಾಗಿ ನೋಡಬೇಡಿ. ನೋಡಿ ಮುಗಿದ ಕೂಡಲೇ ಚೂರುಗಳನ್ನು ಕಿತ್ತುಬಿಡಿ, ಎಲ್‌ಎನ್‌ಬಿ ಬಿಸಿಯಾಗುತ್ತದೆ.

ಅದೇ ದಿನಗಳಲ್ಲಿ ಉಪಗ್ರಹಕ್ಕೂ ಒಂದು ಕಷ್ಟ ಇರುತ್ತದೆ. ವರ್ಷಕ್ಕೆ ಎರಡು ಬಾರಿ, ಹಗಲು ರಾತ್ರಿ ಸಮವಾಗುವ ಮಾರ್ಚ್ ಮತ್ತು ಸೆಪ್ಟೆಂಬರ್‌ನ ವಿಷುವದ್ದಿನಗಳನ್ನು ನಡುವಿಟ್ಟುಕೊಂಡು ಒಂದೂವರೆ ತಿಂಗಳು, ಅದು ದಿನವೂ ಭೂಮಿಯ ನೆರಳಿನೊಳಗೆ ಹಾಯುತ್ತದೆ. ಹೆಚ್ಚೆಂದರೆ ದಿನಕ್ಕೆ 72 ನಿಮಿಷ. ಅಷ್ಟು ಹೊತ್ತು ಸೌರಫಲಕ ಸುಮ್ಮನೆ, ಬ್ಯಾಟರಿಯೇ ಗತಿ. ಪಾವಗಡದ ಸೋಲಾರ್ ಪಾರ್ಕಿನವರಿಗೆ ಸಂಜೆಯಾದರೆ ಕೆಲಸ ಮುಗಿಯಿತು, ಇಲ್ಲಿ ಹಾಗಿಲ್ಲ. ಬ್ಯಾಟರಿ ಎಷ್ಟು ಇಳಿಯಿತು, ಬೆಳಕಿಗೆ ಬಂದ ಮೇಲೆ ಎಷ್ಟು ಬೇಗ ತುಂಬಿತು ಎಂದು ನಿಯಂತ್ರಣ ಕೇಂದ್ರದವರು ಪ್ರತಿ ರಾತ್ರಿ ನೋಡುತ್ತಾರೆ.

ಮಳೆ ಬಂದಾಗ ಹಾಸನದವರಿಗೂ ಸಂಪರ್ಕ ಹೋಗುತ್ತಾ?

ನಮ್ಮ ಡಿಶ್ ಹಿಡಿಯುವುದು ಕೆಯು ಬ್ಯಾಂಡ್, ಸಣ್ಣ ಅಲೆ. ಜೋರು ಮಳೆಯ ಹನಿಗಳು ಅದನ್ನು ನುಂಗುತ್ತವೆ. ನಿಯಂತ್ರಣಕ್ಕೆ ಹೆಚ್ಚಾಗಿ ಬಳಸುವ ಸಿ ಬ್ಯಾಂಡ್ ಅಲೆ ಉದ್ದದ್ದು, ಮಳೆಗೆ ಅಷ್ಟಾಗಿ ಬಗ್ಗುವುದಿಲ್ಲ. ಅವರ ಡಿಶ್‌ಗಳೂ ನಮ್ಮವಕ್ಕಿಂತ ಎಷ್ಟೋ ಪಟ್ಟು ದೊಡ್ಡವು.

ಹಾರಿಸಿದ ಮೊದಲ ವಾರ ಬಹಳ ಆತಂಕದ್ದು ಅಂತಾರೆ. ಏನಾಗುತ್ತೆ?

ರಾಕೆಟ್ ಉಪಗ್ರಹವನ್ನು ಉದ್ದನೆಯ ಮೊಟ್ಟೆಯಾಕಾರದ ಕಕ್ಷೆಯಲ್ಲಿ ಬಿಟ್ಟು ಕೈ ತೊಳೆದುಕೊಳ್ಳುತ್ತದೆ. ಒಂದು ತುದಿ ನೆಲದಿಂದ ಕೆಲವು ನೂರು ಕಿ.ಮೀ., ಇನ್ನೊಂದು ತುದಿ 36,000 ಕಿ.ಮೀ. ಹತ್ತಿರ. ಅಲ್ಲಿಂದ ದುಂಡನೆಯ ಕಕ್ಷೆಗೆ ಏರಿಸುವುದು ಹಾಸನದವರ ಹೊಣೆ. ಉಪಗ್ರಹದಲ್ಲೇ ಇರುವ 440 ನ್ಯೂಟನ್‌ನ ಎಂಜಿನ್ ಅನ್ನು ಸಾಮಾನ್ಯವಾಗಿ ಮೂರು ಕಂತಿನಲ್ಲಿ ಉರಿಸುತ್ತಾರೆ. ಅದರ ನೂಕು ಒಂದು ರಾಗಿ ಮೂಟೆಯ ಭಾರಕ್ಕಿಂತ ಕಮ್ಮಿಯೇ. 2018ರ ಡಿಸೆಂಬರ್ 5ರಂದು ಫ್ರೆಂಚ್ ಗಯಾನಾದ ಕೌರುನಿಂದ ಹೋದ 5,854 ಕಿಲೋ ತೂಕದ ಜಿಸ್ಯಾಟ್-11 ಕೂಡ ಹೀಗೇ ಮೇಲಕ್ಕೆ ಏರಿದ್ದು.

ಆ ದಿನಗಳಲ್ಲಿ ಉಪಗ್ರಹ ಇನ್ನೂ ನಮ್ಮ ನೆತ್ತಿಯ ಮೇಲೆ ನೆಲೆ ನಿಂತಿರುವುದಿಲ್ಲ, ಭೂಮಿಯ ಆ ಕಡೆಗೂ ಹೋಗುತ್ತದೆ. ಆಗ ಇಟಲಿಯ ಫುಚಿನೋ, ಕೆನಡಾದ ಲೇಕ್ ಕೌಚನ್‌ನಂಥ ಹೊರದೇಶದ ಕೇಂದ್ರಗಳ ಕಿವಿಯನ್ನೂ ಎರವಲು ಪಡೆದದ್ದುಂಟು. ಕಕ್ಷೆ ಸರಿಯಾದ ಮೇಲೆ ಮಡಿಸಿಟ್ಟ ಸೌರಫಲಕ, ಆಂಟೆನಾಗಳನ್ನು ಒಂದೊಂದಾಗಿ ಬಿಚ್ಚಬೇಕು. ಸಿಕ್ಕಿಕೊಂಡರೆ ಹೋಗಿ ಬಿಡಿಸಲು ಅಲ್ಲಿ ಯಾರೂ ಇಲ್ಲ.

1983ರ ಆಗಸ್ಟ್ 30ರಂದು ಅಮೆರಿಕದ ಚಾಲೆಂಜರ್ ನೌಕೆಯಲ್ಲಿ ಹೋದ ಇನ್ಸಾಟ್-1ಬಿಗೆ ಆದದ್ದು ಅದೇ. ಸೌರಫಲಕ ಬಿಚ್ಚಿಕೊಳ್ಳಲೇ ಇಲ್ಲ. ಹಿಂದಿನ ವರ್ಷ ಹೋದ ಇನ್ಸಾಟ್-1ಎ ದಿಕ್ಕು ನಿಯಂತ್ರಿಸುವ ಇಂಧನ ಮುಗಿದು ಆಗಲೇ ಕೈತಪ್ಪಿತ್ತು. ಇದೂ ಹೋಗಿದ್ದರೆ ಏನು ಗತಿ! ನೆಲದಲ್ಲಿದ್ದವರು ಪಟ್ಟು ಬಿಡದೆ ದಿನಗಟ್ಟಲೆ ಪ್ರಯತ್ನಿಸಿದರು. ಸೆಪ್ಟೆಂಬರ್ ನಡುವಿನಲ್ಲಿ ಫಲಕ ಬಿಚ್ಚಿತು. ದೂರದರ್ಶನ ಊರೂರಿಗೆ ಹಬ್ಬಿದ್ದು ಆ ಉಪಗ್ರಹದ ಬೆನ್ನ ಮೇಲೆ. ಪಂಚಾಯಿತಿ ಕಟ್ಟೆಯ ಕಪ್ಪು ಬಿಳುಪು ಟಿವಿ ಮುಂದೆ ಚಾಪೆ ಹಾಸಿ ಕೂತ ನಮ್ಮಪ್ಪನ ಕಾಲದವರಿಗೆ ಆ ಎರಡು ವಾರದ ಒದ್ದಾಟದ ಸುಳಿವೂ ಇರಲಿಲ್ಲ.

ಸಂಪರ್ಕ ಪೂರ್ತಿ ತಪ್ಪಿಹೋದರೆ?

ಉಪಗ್ರಹಕ್ಕೆ ಒಂದಿಷ್ಟು ಸ್ವಂತ ಬುದ್ಧಿ ಕೊಟ್ಟಿರುತ್ತಾರೆ. ಏನೋ ಎಡವಟ್ಟಾಯಿತು ಎಂದು ಗೊತ್ತಾದರೆ ಬೇಡದ್ದನ್ನೆಲ್ಲ ಆರಿಸಿ, ಫಲಕವನ್ನು ಸೂರ್ಯನ ಕಡೆ ಹಿಡಿದು, ನೆಲದ ಮಾತಿಗೆ ಕಾಯುತ್ತದೆ. ಬಹಳಷ್ಟು ಸಲ ಹೀಗೆ ಬದುಕಿಕೊಳ್ಳುತ್ತದೆ.

ಯಾವಾಗಲೂ ಅಲ್ಲ. 2018ರ ಮಾರ್ಚ್ 29ರಂದು ಹೋದ ಜಿಸ್ಯಾಟ್-6ಎ ಎರಡು ಸಲ ಎಂಜಿನ್ ಉರಿಸಿ ಮೇಲಕ್ಕೇರಿತ್ತು. ಏಪ್ರಿಲ್ 1ರ ಮೂರನೆಯ ಉರಿಗೆ ಮೊದಲೇ ದನಿ ನಿಂತುಹೋಯಿತು, ಮತ್ತೆ ಕೇಳಲಿಲ್ಲ. 2025ರ ಜನವರಿ 29ರಂದು ಹಾರಿದ ದಿಕ್ಸೂಚಿ ಉಪಗ್ರಹ ಎನ್‌ವಿಎಸ್-02 ಇನ್ನೊಂದು ಬಗೆ. ಸಂಪರ್ಕ ಇತ್ತು, ಫಲಕಗಳು ಬಿಚ್ಚಿದ್ದವು, ಆದರೆ ಥ್ರಸ್ಟರ್‌ನ ಇಂಧನ ಉರಿಯಲು ಬೇಕಾದ ಆಕ್ಸಿಡೈಸರ್ ಎಂಬ ದ್ರವವನ್ನು ಬಿಡುವ ವಾಲ್ವ್‌ಗಳೇ ತೆರೆಯಲಿಲ್ಲ. ಮಾತಾಡುತ್ತಿದೆ, ಕೇಳುತ್ತಿದೆ, ಮೇಲಕ್ಕೆ ಏರಿಸಲು ಮಾತ್ರ ಆಗುತ್ತಿಲ್ಲ. ಅಂಥ ರಾತ್ರಿ ಶಿಫ್ಟಿನಲ್ಲಿ ಕೂತವರ ಮನಸ್ಸು ಹೇಗಿರಬಹುದು ಎಂದು ಯೋಚಿಸಿದರೆ ನನಗೆ ಗಂಟಲು ಕಟ್ಟುತ್ತದೆ.

ನಮ್ಮ ಗೌರಿಬಿದನೂರಿನ ದೂರದರ್ಶಕವೂ ಉಪಗ್ರಹ ನಿಯಂತ್ರಣಕ್ಕಾ?

ಊರಿನವರೇ ಎಷ್ಟೋ ಜನ ಹಾಗೆ ತಿಳಿದಿದ್ದಾರೆ. ಅದು ರೇಡಿಯೋ ದೂರದರ್ಶಕ, ಯಾವುದಕ್ಕೂ ಆದೇಶ ಕೊಡುವುದಿಲ್ಲ, ಆಕಾಶದ ಮಾತನ್ನು ಕೇಳಿಸಿಕೊಳ್ಳುತ್ತದೆ ಅಷ್ಟೇ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1976ರಲ್ಲಿ ಶುರುಮಾಡಿದ್ದು. 34.5 ಮೆಗಾಹರ್ಟ್ಸ್‌ನಲ್ಲಿ ಕೇಳುತ್ತಿದ್ದ ಇಂಗ್ಲಿಷ್ ‘ಟಿ’ ಆಕಾರದ ಸಾಲುಗಳಲ್ಲಿ ಸಾವಿರ ದ್ವಿಧ್ರುವ ಆಂಟೆನಾಗಳಿದ್ದವು. 1997ರಿಂದ ಸೂರ್ಯನ ಹೊರಮೈಯನ್ನು ಗಮನಿಸುವ ಬೇರೊಂದು ಸಾಲೂ ಅಲ್ಲಿದೆ.

ಆದರೂ ನಂಟು ಇದೆ. ಸೂರ್ಯನಲ್ಲಿ ಸ್ಫೋಟವಾದಾಗ ಹೊರಬೀಳುವ ಕಣಗಳು ಉಪಗ್ರಹದ ವಿದ್ಯುನ್ಮಾನವನ್ನು ಕೆಡಿಸಬಲ್ಲವು, ಸೌರಫಲಕವನ್ನು ಸವೆಸಬಲ್ಲವು. ಹಾಗಾಗಿ ಸೂರ್ಯನನ್ನು ಬಲ್ಲವರ ಕೆಲಸ ಉಪಗ್ರಹ ನಡೆಸುವವರಿಗೆ ಬೇಕೇ ಬೇಕು.

ಯಾರಾದರೂ ಕಳ್ಳತನದಿಂದ ಆದೇಶ ಕಳಿಸಬಹುದಾ?

ಆದೇಶಗಳಿಗೆ ಗುಪ್ತಲಿಪಿಯ ಬೀಗ ಹಾಕಬಹುದು. ಸರಿಯಾದ ತರಂಗಾಂತರ, ಸರಿಯಾದ ರೂಪ, ದೊಡ್ಡ ಆಂಟೆನಾ ಇವೂ ಬೇಕು. ಹೆಚ್ಚು ಕಾಡುವುದು ಅಡ್ಡಿ: ಯಾರದೋ ಭೂಕೇಂದ್ರದ ಡಿಶ್ ತಪ್ಪು ಕಡೆ ತಿರುಗಿ ಪಕ್ಕದ ಉಪಗ್ರಹಕ್ಕೆ ಬಡಿಯುವುದು. ಬಹುತೇಕ ಅದು ಕೈತಪ್ಪು.

ಆಯಸ್ಸು ಮುಗಿದ ಮೇಲೆ ಉಪಗ್ರಹ ಕೆಳಗೆ ಬೀಳುತ್ತಾ?

ಆ ಎತ್ತರದಿಂದ ಬೀಳುವುದಿಲ್ಲ, ತಡೆಯಲು ಅಲ್ಲಿ ಗಾಳಿಯೇ ಇಲ್ಲ. ಸತ್ತ ಮೇಲೂ ಸಾವಿರಾರು ವರ್ಷ ಅಲ್ಲೇ ಅಲೆಯುತ್ತ ಬೇರೆಯವರ ಅಂಗಳಕ್ಕೆ ನುಗ್ಗೀತು. ಆದ್ದರಿಂದ ಕೊನೆಯ ಚೂರು ಇಂಧನ ಉಳಿದಿರುವಾಗಲೇ ಅದನ್ನು ಇನ್ನೂ ಮೇಲಕ್ಕೆ ತಳ್ಳಿ, ಟ್ಯಾಂಕ್ ಬರಿದು ಮಾಡಿ, ಎಲ್ಲ ಆರಿಸಿಬಿಡುತ್ತಾರೆ. 2007ರಲ್ಲಿ ಹೋದ ಇನ್ಸಾಟ್-4ಬಿಯನ್ನು 2022ರ ಜನವರಿಯಲ್ಲಿ ಹೀಗೆ ಬೀಳ್ಕೊಟ್ಟರು, ಭೂಸ್ಥಿರ ಕಕ್ಷೆಗಿಂತ ಸುಮಾರು 340 ಕಿ.ಮೀ. ಮೇಲಕ್ಕೆ.

ಎಷ್ಟು ಇಂಧನ ಉಳಿದಿದೆ ಎಂದು ತಿಳಿಯುವುದೇ ದೊಡ್ಡ ವಿದ್ಯೆ. ಭಾರವಿಲ್ಲದ ಕಡೆ ದ್ರವ ತಳದಲ್ಲಿ ನಿಲ್ಲುವುದಿಲ್ಲ, ಬೈಕಿನ ಟ್ಯಾಂಕಿನ ಹಾಗೆ ಮುಚ್ಚಳ ತೆಗೆದು ಅಲ್ಲಾಡಿಸಿ ನೋಡುವಂತಿಲ್ಲ. ಹದಿನೈದು ವರ್ಷ ಯಾವ ಥ್ರಸ್ಟರ್ ಎಷ್ಟು ಸೆಕೆಂಡು ಉರಿಯಿತು ಎಂಬ ಲೆಕ್ಕವನ್ನೂ ಟ್ಯಾಂಕಿನ ಒತ್ತಡ, ತಾಪಗಳನ್ನೂ ಹೋಲಿಸಿ ಹೇಳುತ್ತಾರೆ. ಅಂಗಡಿಯವರ ಖಾತೆ ಪುಸ್ತಕದಷ್ಟೇ ಶಿಸ್ತು ಬೇಕು.

ಎತ್ತರ ಕಮ್ಮಿಯಿರುವ ಇಂಟರ್ನೆಟ್ ಉಪಗ್ರಹಗಳಿಗೂ ಇದೇ ವ್ಯವಸ್ಥೆಯಾ?

ತತ್ವ ಒಂದೇ, ನಡೆಸುವ ರೀತಿ ಬೇರೆ. ಸ್ಟಾರ್‌ಲಿಂಕ್‌ನಂಥವು 550 ಕಿ.ಮೀ. ಆಸುಪಾಸಿನಲ್ಲಿ ಓಡುತ್ತವೆ, ನಿಮ್ಮ ತಲೆಯ ಮೇಲೆ ಕೆಲವೇ ನಿಮಿಷ ಇರುತ್ತವೆ. ಸಾವಿರಗಟ್ಟಲೆ ಇರುವುದರಿಂದ ಒಂದೊಂದಕ್ಕೂ ಒಬ್ಬೊಬ್ಬರು ಕೂರಲಾಗದು. ದಿನನಿತ್ಯದ ಕೆಲಸವೆಲ್ಲ ಕಂಪ್ಯೂಟರಿನದು, ಮನುಷ್ಯ ಕೈ ಹಾಕುವುದು ಕೆಟ್ಟಾಗ.

ನಮ್ಮ ಹುಡುಗ, ಹುಡುಗಿ ಈ ಕೆಲಸಕ್ಕೆ ಹೋಗಬೇಕಾದರೆ ಏನು ಓದಬೇಕು?

ಮಂಚೇನಹಳ್ಳಿಯ ಕಡೆಯ ರೇಷ್ಮೆ ರೈತರೊಬ್ಬರು ಮೊನ್ನೆ ಮಗಳನ್ನು ಕರೆತಂದು ಇದನ್ನೇ ಕೇಳಿದರು. ‘ಐಐಟಿಗೇ ಹೋಗಬೇಕೇನೋ, ನಮ್ಮ ಕೈಲಾಗಲ್ಲ ಬಿಡಿ ಸಾರ್’ ಎಂದರು. ಬೇಕಿಲ್ಲ. ಐಟಿಐ ಮಾಡಿದವರಿಗೆ ತಂತ್ರಜ್ಞರ ಹುದ್ದೆ, ಡಿಪ್ಲೊಮಾ ಮಾಡಿದವರಿಗೆ ತಾಂತ್ರಿಕ ಸಹಾಯಕರ ಹುದ್ದೆ, ಬಿಇ ಮಾಡಿದವರಿಗೆ ವಿಜ್ಞಾನಿ, ಎಂಜಿನಿಯರ್ ಹುದ್ದೆಗಳಿಗೆ ಇಸ್ರೋ ತನ್ನದೇ ನೇಮಕಾತಿ ನಡೆಸುತ್ತದೆ. ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಅಷ್ಟೇ ಅಲ್ಲ. ದೊಡ್ಡ ಡಿಶ್ ತಿರುಗಿಸುವ ಮೋಟರು, ಗೇರುಗಳಿಗೆ ಮೆಕ್ಯಾನಿಕಲ್ ಓದಿದವರು ಬೇಕು, ಒಂದು ಕ್ಷಣವೂ ಕರೆಂಟ್ ಹೋಗದಂತೆ ನೋಡಿಕೊಳ್ಳಲು ಎಲೆಕ್ಟ್ರಿಕಲ್ ಓದಿದವರು ಬೇಕು. ಜಾಹೀರಾತನ್ನು ಇಸ್ರೋದ ಅಧಿಕೃತ ಜಾಲತಾಣದಲ್ಲೇ ನೋಡಿ. ಕೆಲಸ ಕೊಡಿಸುತ್ತೇವೆಂದು ದುಡ್ಡು ಕೇಳುವವರ ಮಾತಿಗೆ ಕಿವಿಗೊಡಬೇಡಿ.

ಆ ಹುಡುಗಿಗೆ ನಾನು ಕೇಳಿದ್ದು ಒಂದೇ: ‘ರಾತ್ರಿ ಪಾಳಿ, ಹಬ್ಬದ ದಿನವೂ ಡ್ಯೂಟಿ, ಏನೂ ಆಗದೆ ಇರುವುದೇ ಒಳ್ಳೆಯ ಸುದ್ದಿ. ಆಗುತ್ತೇನಮ್ಮಾ?’ ಅವಳು ಅಪ್ಪನ ಮುಖ ನೋಡಿ, ‘ಹುಳ ನಾಲ್ಕನೇ ಜ್ವರ ಎದ್ದು, ಪೊರೆ ಬಿಟ್ಟು ಮೇಯೋಕೆ ಶುರುಮಾಡಿದ ಮೇಲೆ ನಮ್ಮನೇಲಿ ಯಾರೂ ರಾತ್ರಿ ಮಲಗಲ್ಲ ಸಾರ್’ ಎಂದಳು.